ಬಿಲ್ಲಿ ಎಲಿಯಟ್: ತೆರೆಯಿಂದ ರಂಗಕ್ಕೆ

2000ರಲ್ಲಿ ಬಂದ ‘ಬಿಲ್ಲಿ ಎಲಿಯಟ್’ ಚಲನಚಿತ್ರವನ್ನು ನಮ್ಮಲ್ಲಿ ಅನೇಕರು ನೋಡಿದ್ದೀರಿ. 1984-85ರ ಗಣಿ ಮುಷ್ಕರದ ಕಾಲ, ಇಂಗ್ಲೆಂಡಿನ ಈಶಾನ್ಯದಲ್ಲಿ ಡರಂ ಸೀಮೆಯ ಒಂದು ಕಲ್ಲಿದ್ದಲ ಊರು. ಬಾಕ್ಸಿಂಗ್ ಕಲಿಯಲೆಂದು ಹೋದ ತಾಯಿಯಿಲ್ಲದ ಹುಡುಗ ಅದೇ ಸಭಾಂಗಣದ ಬ್ಯಾಲೆ ತರಗತಿಗೆ ಸೇರಿಬಿಡುತ್ತಾನೆ. ಚಿತ್ರವನ್ನು ಕಾನ್ ಉತ್ಸವದಲ್ಲಿ ಕಂಡು ಮನಸೋತ ಎಲ್ಟನ್ ಜಾನ್ ಅದಕ್ಕೆ ಸಂಗೀತ ಕೊಟ್ಟರು. 2005ರಲ್ಲಿ ಲಂಡನ್ನಿನ ವಿಕ್ಟೋರಿಯಾ ಪ್ಯಾಲೇಸ್‌ನಲ್ಲಿ ಆರಂಭವಾದ ಸಂಗೀತನಾಟಕ 2016ರವರೆಗೆ ಅಲ್ಲಿಯೇ ನಡೆಯಿತು. ನಿರ್ದೇಶಕ ಸ್ಟೀಫನ್ ಡಾಲ್ಡ್ರಿ, ಲೇಖಕ ಲೀ ಹಾಲ್, ನೃತ್ಯಸಂಯೋಜಕ ಪೀಟರ್ ಡಾರ್ಲಿಂಗ್ ಮೂವರೂ ಚಿತ್ರದವರೇ.

ಆದರೂ ಎರಡೂ ಒಂದೇ ಅಲ್ಲ. ಕ್ಯಾಮೆರಾ ಒಂದು ಜಿಗಿತವನ್ನು ಹತ್ತು ಸಲ ತೆಗೆದು ಚೆನ್ನಾದುದನ್ನು ಉಳಿಸಿಕೊಳ್ಳಬಹುದು. ರಂಗದ ಮೇಲೆ ಹುಡುಗ ಸುಮಾರು ಮೂರು ಗಂಟೆಗಳ ಆಟದಲ್ಲಿ ಬ್ಯಾಲೆ, ಟ್ಯಾಪ್, ಲಾಗ ಎಲ್ಲವನ್ನೂ ಮಾಡಿ, ಏದುಸಿರು ಹತ್ತಿಕ್ಕಿ ಹಾಡಲೂ ಬೇಕು.

ಅದಕ್ಕೇ ಈ ಪಾತ್ರವನ್ನು ಒಬ್ಬನಿಗೇ ಬಿಡುವುದಿಲ್ಲ. ಕೆಲವರು ಸರದಿಯಂತೆ ಮಾಡುತ್ತಾರೆ. 2009ರಲ್ಲಿ ಬ್ರಾಡ್‌ವೇ ಪ್ರಯೋಗದ ಮೂವರು ಹುಡುಗರಿಗೆ ಅತ್ಯುತ್ತಮ ನಟ ಟೋನಿ ಪ್ರಶಸ್ತಿಯನ್ನು ಒಟ್ಟಾಗಿಯೇ ಕೊಟ್ಟರು. ದಣಿವೊಂದೇ ಕಾರಣವಲ್ಲ. ಮಕ್ಕಳ ಉದ್ದೆಲುಬುಗಳ ತುದಿಯಲ್ಲಿ ಬೆಳವಣಿಗೆಯ ಮೃದ್ವಸ್ಥಿ ಪದರವಿರುತ್ತದೆ. ಹರೆಯ ಬಂದಾಗ ಎಲುಬು ಬೇಗ ಉದ್ದವಾಗಿ, ಸ್ನಾಯುಗಳು ಹಿಂದೆ ಬಿದ್ದು ಬಿಗಿಯುತ್ತವೆ. ಪದೇಪದೇ ಜಿಗಿದರೆ ಮಂಡಿಚಿಪ್ಪಿನ ಕೆಳಗೆ, ಹಿಮ್ಮಡಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. (ಭರತನಾಟ್ಯ ಕಲಿಯುವ ನಮ್ಮ ಮಕ್ಕಳು ಹೀಗೆಂದರೆ ಸೋಮಾರಿತನವೆಂದು ಗದರಬೇಡಿ, ಕೆಲದಿನ ಜಿಗಿತ ಕಡಿಮೆ ಮಾಡಿಸಿ, ನೋವು ಹೋಗದಿದ್ದರೆ ವೈದ್ಯರಿಗೆ ತೋರಿಸಿ.) ಅದೇ ವಯಸ್ಸಿನಲ್ಲಿ ಧ್ವನಿಪೆಟ್ಟಿಗೆ ಬೆಳೆದು ಕಂಠ ಒಡೆಯುತ್ತದೆ. ವರ್ಷಗಟ್ಟಲೆ ಕಲಿತ ಪಾತ್ರ ಆಗ ಕೈಬಿಟ್ಟು ಹೋಗುತ್ತದೆ.

ರಂಗದ ನಿಜವಾದ ಗೆಲುವು ಮುಷ್ಕರ ಮತ್ತು ನೃತ್ಯಪಾಠವನ್ನು ಒಂದೇ ಹಾಡಿನಲ್ಲಿ ಹೆಣೆದಿರುವುದು. ಪೊಲೀಸರು, ಗಣಿಗಾರರು, ಪುಟ್ಟ ಹುಡುಗಿಯರು ಒಂದೇ ಜಾಗದಲ್ಲಿ, ಒಂದೇ ತಾಳಕ್ಕೆ ಎದುರುಬದುರಾಗುತ್ತಾರೆ. ಚಿತ್ರವಾಗಿದ್ದರೆ ಒಂದನ್ನು ಬಿಟ್ಟು ಇನ್ನೊಂದನ್ನು ತೋರಿಸಬೇಕಿತ್ತು. ಕೊನೆಯ ನಮಸ್ಕಾರದ ಹೊತ್ತಿಗೆ ಗಣಿಗಾರರೂ ಬ್ಯಾಲೆ ಲಂಗ ತೊಟ್ಟು ಕುಣಿಯುವುದು ಮಾತ್ರ ನನಗೆ ಬೇಡವೆನಿಸಿತು.

2014ರಲ್ಲಿ ಲಂಡನ್ನಿನ ಒಂದು ಪ್ರಯೋಗವನ್ನು ಚಿತ್ರೀಕರಿಸಿದ್ದಾರೆ, ಮನೆಯಲ್ಲೇ ನೋಡಬಹುದು. ಬೈಗುಳ ಧಾರಾಳವಾಗಿದೆ, ತೀರ ಚಿಕ್ಕವರಿಗೆ ಬೇಡ.

ಚಿತ್ರದ ಕೊನೆಯಲ್ಲಿ ಬೆಳೆದ ಬಿಲ್ಲಿ ‘ಸ್ವಾನ್ ಲೇಕ್’ನಲ್ಲಿ ಹಾರುತ್ತಾನೆ, ಆ ಪಾತ್ರದಲ್ಲಿ ನರ್ತಕ ಆಡಂ ಕೂಪರ್ ಇದ್ದಾರೆ. ನಾಟಕ ಆ ಗೆಲುವನ್ನು ತೋರಿಸುವುದಿಲ್ಲ. ಬೆಳೆದ ಬಿಲ್ಲಿ ನಡುವೆ ಒಮ್ಮೆ, ಕನಸಿನಂತೆ, ಹುಡುಗನ ಜೊತೆ ಕುಣಿದು ಹೋಗುತ್ತಾನೆ, ಅಷ್ಟೆ. ಕೊನೆಗೆ ಸೋತ ಗಣಿಗಾರರು ತಲೆದೀಪ ಹೊತ್ತಿಸಿಕೊಂಡು ಪಾತಾಳಕ್ಕೆ ಇಳಿಯುತ್ತಾರೆ. ಕಲ್ಲಿದ್ದಲ ದೂಳು ತುಂಬಿದ ಶ್ವಾಸಕೋಶದ ಎಕ್ಸ್-ರೇ ನೋಡಿದವನಿಗೆ ಆ ದೃಶ್ಯ ನುಂಗಲಾರದ್ದು: ಆ ಕೆಲಸವೇ ಅವರ ಉಸಿರು ಕಸಿಯುತ್ತಿತ್ತು, ಅದನ್ನೇ ಉಳಿಸಿಕೊಳ್ಳಲು ಅವರು ಒಂದು ವರ್ಷ ಉಪವಾಸ ಬಿದ್ದರು. ಬಿಲ್ಲಿ ಪೆಟ್ಟಿಗೆ ಹಿಡಿದು ಪ್ರೇಕ್ಷಕರ ನಡುವೆಯೇ ಹೊರಡುತ್ತಾನೆ. ಗೆಳೆಯ ಮೈಕೆಲ್ ಊರಿನಲ್ಲೇ ಉಳಿಯುತ್ತಾನೆ.