ಹೊಲದ ಬುತ್ತಿಗೆ ನವಣೆ ಕೋಸಂಬರಿ



ಸುಗ್ಗಿಯ ದಿನಗಳಲ್ಲಿ ಎಲ್ಲರಿಗೂ ಬುತ್ತಿ ಕಟ್ಟಿ, ತಾನು ಬರೀ ಚಹಾ ಕುಡಿದು ಹೊಲಕ್ಕೆ ಹೊರಡುವ ತಾಯಂದಿರು ಎಷ್ಟೋ ಮಂದಿ. ರಕ್ತ ಕಡಿಮೆಯಾಗಿ ಸುಸ್ತು ಬೀಳದೆ ಇನ್ನೇನಾದೀತು? ಅಂಥವರಿಗೆ ಈ ಬುತ್ತಿ.

ಹಿಂದಿನ ದಿನ ಬೆಳಿಗ್ಗೆ ಅರ್ಧ ಪಾವು ಹೆಸರುಕಾಳು ನೆನೆಹಾಕಿ, ಸಂಜೆ ಒದ್ದೆ ಬಟ್ಟೆಯಲ್ಲಿ ಕಟ್ಟಿಡಿ. ಮುಂಜಾನೆಗೆ ಮೊಳಕೆ ಒಡೆದಿರುತ್ತದೆ. ಅದನ್ನು ಹಬೆಯಲ್ಲಿ ಬೇಯಿಸಿರಿ. ಒಂದು ಪಾವು ನವಣೆ ಅಕ್ಕಿಗೆ ಎರಡು ಪಾವು ನೀರಿಟ್ಟು ಉದುರಾಗಿ ಬೇಯಿಸಿ, ಅಗಲ ತಟ್ಟೆಯಲ್ಲಿ ಹರಡಿ ಆರಿಸಿರಿ. ಬಿಸಿಯಲ್ಲೇ ಮುಚ್ಚಿಟ್ಟರೆ ಬೆವೆತು ಹಳಸುತ್ತದೆ. ಉಳ್ಳಾಗಡ್ಡಿ, ಗಜ್ಜರಿ, ಕೊತ್ತಂಬರಿ ಹೆಚ್ಚಿ ಬೆರೆಸಿ, ಎಣ್ಣೆ-ಸಾಸಿವೆ ಒಗ್ಗರಣೆ ಕೊಡಿರಿ. ಹಾಲು, ಮೊಸರು, ತುಪ್ಪ ಯಾವುದೂ ಬೇಡ.

ಉಪ್ಪು, ನಿಂಬೆಹಣ್ಣು ಬೇರೆ ಒಯ್ಯಿರಿ. ಮೊದಲೇ ಉಪ್ಪು ಹಾಕಿದರೆ ತರಕಾರಿ ನೀರು ಬಿಡುತ್ತದೆ. ನಿಂಬೆ ಹಿಂಡುವುದು ರುಚಿಗಷ್ಟೇ ಅಲ್ಲ, ಕಾಳಿನ ಕಬ್ಬಿಣದ ಸತ್ವ ಮೈಗೆ ಹತ್ತಲಿಕ್ಕೂ ಹೌದು. ಉಂಡ ಬೆನ್ನಿಗೇ ಚಹಾ ಕುಡಿದರೆ ಆ ಸತ್ವ ಅಷ್ಟು ಹತ್ತದು. ಒಂದು ತಾಸು ತಡೆಯಿರಿ.

ಬುತ್ತಿ ನೆರಳಿನಲ್ಲಿರಲಿ. ಮಧ್ಯಾಹ್ನದೊಳಗೆ ಮುಗಿಸಿರಿ, ಸಂಜೆಗೆ ಉಳಿಸಬೇಡಿ. ಮತ್ತೆ, ತಾಯಂದಿರೇ, ನಿಮ್ಮ ಪಾಲನ್ನು ಮೊದಲೇ ತೆಗೆದಿಡಿ.