ಅಪರಿಚಿತ ಮಹಾನದಿಯಲ್ಲಿ ಗಾಳ

ಗಾಳ ಹಿಡಿದು ನೀರಿನೆದುರು ನಿಂತವನನ್ನು ಕಂಡರೆ ಸೋಮಾರಿಯೆಂದು ಭಾವಿಸುವುದು ನಮ್ಮಲ್ಲಿ ವಾಡಿಕೆ. ನಾನೂ ಹಾಗೆಯೇ ಭಾವಿಸಿದ್ದೆ. ಅಮೆರಿಕದ ಐಡಹೊ ಸಂಸ್ಥಾನದ ಕ್ಲಿಯರ್‌ವಾಟರ್ ನದಿಯಲ್ಲಿ, ಅಕ್ಟೋಬರ್ ತಿಂಗಳ ಚಳಿಯಲ್ಲಿ, ಮೂರು ದಿನ ಸೊಂಟಮಟ್ಟದ ನೀರಿನಲ್ಲಿ ನಿಂತು ಸ್ಟೀಲ್‌ಹೆಡ್ ಎಂಬ ಮೀನಿಗೆ ಗಾಳ ಬೀಸಿದ ಮೇಲೆ ಆ ಅಭಿಪ್ರಾಯ ಉಳಿಯಲಿಲ್ಲ. ಅಷ್ಟೇ ಅಲ್ಲ, ವರ್ಷ ವರ್ಷವೂ ತರಗತಿಯಲ್ಲಿ ಬೋಧಿಸುತ್ತ ಬಂದ ದ್ರವಗಳ ಚಲನೆಯ ಪಾಠವನ್ನು ನಾನು ಎಷ್ಟು ಕಡಿಮೆ ಅರಿತಿದ್ದೆನೆಂಬುದೂ ಅಲ್ಲಿಯೇ ತಿಳಿದುಬಂತು.

ಮೊದಲು ಮೀನಿನ ವಿಚಾರ. ‘ಸ್ಟೀಲ್‌ಹೆಡ್’ ಎಂದರೆ ಉಕ್ಕಿನ ತಲೆ. ಹೆಸರು ಬೇರೆಯಾದರೂ ಜಾತಿ ಬೇರೆಯಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನಮ್ಮ ನೆರೆಯ ನೀಲಗಿರಿಯ ತೊರೆಗಳಿಗೆ ತಂದು ಬಿಟ್ಟ ‘ಕಾಮನಬಿಲ್ಲಿನ ಟ್ರೌಟ್’ ಏನುಂಟೋ ಅದೇ ಇದು. ಆ ಟ್ರೌಟ್ ತೊರೆಯಲ್ಲಿಯೇ ಬಾಳನ್ನು ಕಳೆಯುತ್ತದೆ. ಅದೇ ಜಾತಿಯ ಇನ್ನೊಂದು ಬಳಗ ಎಳೆತನದಲ್ಲಿ ಪೆಸಿಫಿಕ್ ಸಾಗರಕ್ಕಿಳಿದು, ಒಂದೆರಡು ವರ್ಷ ಅಲ್ಲಿ ಮೇಯ್ದು ಬೆಳೆದು, ಹುಟ್ಟಿದ ಹೊಳೆಗೆ ಮರಳುತ್ತದೆ. ಈ ಬಳಗಕ್ಕೆ ಸ್ಟೀಲ್‌ಹೆಡ್ ಎಂದು ಹೆಸರು. ಕ್ಲಿಯರ್‌ವಾಟರಿನ ಸ್ಟೀಲ್‌ಹೆಡ್ ಐದಾರು ಕಿಲೋಗ್ರಾಂ ತೂಗುವುದು ಅಪರೂಪವಲ್ಲ.

ಈ ನದಿ ಸ್ನೇಕ್ ನದಿಯನ್ನು ಸೇರುವ ಲೂಯಿಸ್ಟನ್ ಪಟ್ಟಣವು ಕಡಲಿನಿಂದ ಸುಮಾರು ೭೫೦ ಕಿಲೋಮೀಟರ್ ಒಳಗಿದೆ. ಮೀನು ಬೇಸಿಗೆಯಲ್ಲಿ ಕೊಲಂಬಿಯ ನದಿಯ ಮುಖದಿಂದ ಹೊರಟು ಶರತ್ಕಾಲದ ಹೊತ್ತಿಗೆ ಇಲ್ಲಿಗೆ ತಲಪುತ್ತದೆ. ಮೊಟ್ಟೆಯಿಡುವುದು ಮಾತ್ರ ಮುಂದಿನ ವಸಂತದಲ್ಲಿ. ಈ ನಡುವೆ ಅದು ತಿನ್ನುವುದು ಇಲ್ಲವೆನ್ನುವಷ್ಟು ಕಡಿಮೆ. ಕಡಲಿನಲ್ಲಿ ಕೂಡಿಟ್ಟ ಕೊಬ್ಬೇ ಅದರ ಬುತ್ತಿ. (ಹಸಿವಿಲ್ಲದ ಮೀನು ಗಾಳವನ್ನೇಕೆ ಕಚ್ಚುತ್ತದೆ? ಎಳೆತನದ ಅಭ್ಯಾಸವೆಂದು ಕೆಲವರು, ಸಿಟ್ಟೆಂದು ಕೆಲವರು ಹೇಳುತ್ತಾರೆ. ನನಗೆ ಎರಡನೆಯದು ಹಿಡಿಸಿತು.) ಬುತ್ತಿಯ ಮಾತನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು, ಮುಂದಿನದೆಲ್ಲ ಅದನ್ನೇ ಅವಲಂಬಿಸಿದೆ.

ನನ್ನ ಅಕ್ಕ, ಭಾವ ಆ ಸೀಮೆಯಲ್ಲಿದ್ದಾರೆ. ಭಾವನವರು ಚಿಕ್ಕ ತೊರೆಗಳಲ್ಲಿ ಟ್ರೌಟ್ ಹಿಡಿದು ಬಲ್ಲವರು. ದೊಡ್ಡ ನದಿ ಅವರಿಗೂ ಹೊಸದು. ಚಿಕ್ಕ ತೊರೆಯಲ್ಲಿ ಮೀನಿನ ಮನೆ ಕಣ್ಣಿಗೆ ಕಾಣುತ್ತದೆ: ಇಲ್ಲೊಂದು ಬಂಡೆ, ಅಲ್ಲೊಂದು ಮಡು, ಬಿದ್ದ ಮರದ ನೆರಳು. ಓರೊಫೀನೊ ಎಂಬ ಊರಿನ ಕೆಳಗೆ ನಾವು ದಡಕ್ಕಿಳಿದಾಗ ಕಂಡದ್ದಾದರೋ ನೂರು ಮೀಟರಿಗೂ ಮೀರಿದ ಅಗಲದ, ಒಂದೇ ಸಮನೆ ಹರಿಯುವ ಹಸುರು ನೀರು. ಎಲ್ಲಿ ನೋಡಿದರೂ ಒಂದೇ ಬಗೆ. “ಎಲ್ಲಿಗೆ ಎಸೆಯೋದು, ಭಾವ?” ಎಂದೆ. “ಮೀನು ದೊಡ್ಡದು, ನೀರೂ ದೊಡ್ಡದು. ಎಷ್ಟು ದೂರ ಆಗುತ್ತೋ ಅಷ್ಟು ದೂರ ಎಸಿ,” ಎಂದರು.

ಅಲ್ಲಿ ಬಳಸುವ ಗಾಳದ ಕೋಲು ಹದಿಮೂರು ಅಡಿ ಉದ್ದವಿದ್ದು, ಎರಡು ಕೈಗಳಿಂದ ಹಿಡಿಯತಕ್ಕದ್ದು. ಗಾಳಕ್ಕೆ ಗರಿ, ನೂಲುಗಳನ್ನು ಸುತ್ತಿ ‘ನೊಣ’ವನ್ನು ಮಾಡಿರುತ್ತಾರೆ. ಅದಕ್ಕೆ ತೂಕವೆಂಬುದಿಲ್ಲ, ಎಸೆಯುವುದು ನಿಜವಾಗಿ ದಪ್ಪನೆಯ ದಾರವನ್ನು. ಹಿಂದೆ ಮರಗಳಿದ್ದರೂ ತೊಡಕಿಲ್ಲ. ದಾರದ ತುದಿಯನ್ನು ನೀರಿಗೆ ತಾಗಿಸಿ, ಆ ಹಿಡಿತದ ವಿರುದ್ಧ ಕೋಲನ್ನು ಬಿಲ್ಲಿನಂತೆ ಬಗ್ಗಿಸಿ, ಕೋಲು ನೆಟ್ಟಗಾಗುವಾಗ ದಾರ ಮುಂದಕ್ಕೆ ಚಿಮ್ಮುವಂತೆ ಮಾಡುವುದು ಈ ಬೀಸಿನ ಗುಟ್ಟು. ಮೇಲಿನ ಕೈಯನ್ನು ಆಧಾರವಾಗಿಟ್ಟು ಕೆಳಗಿನ ಕೈಯನ್ನು ಎಳೆದರೆ ಕೋಲು ಒಳ್ಳೆಯ ಸನ್ನೆಯಾಗುತ್ತದೆ. ಮೊದಲ ದಿನದ ಮಧ್ಯಾಹ್ನದ ಹೊತ್ತಿಗೆ ನಾನು ಇಪ್ಪತ್ತು ಮೀಟರ್ ಎಸೆಯುವುದನ್ನು ಕಲಿತು, ಹೆಮ್ಮೆಯಿಂದ ಇನ್ನೂ ಮುಂದೆ ನಡೆದು, ಸೊಂಟಮಟ್ಟದ ನೀರಿನಲ್ಲಿ ನಿಂತು, ನದಿಯ ನಡುಮಧ್ಯಕ್ಕೆ ಗುರಿಯಿಟ್ಟಿದ್ದೆ.

ದಡದಲ್ಲಿ ಬಹಳ ಹೊತ್ತಿನಿಂದ ನೋಡುತ್ತಿದ್ದ ಆ ಊರಿನ ಮುದುಕರೊಬ್ಬರು ಕೊನೆಗೆ ತಾಳಲಾರದೆ ಕೂಗಿ ಹೇಳಿದರು: “ಮೀನು ನಿಲ್ಲೋ ಜಾಗದಲ್ಲಿ ನೀವೇ ನಿಂತಿದ್ದೀರಲ್ಲ!”

ರಾತ್ರಿ ಮಲಗಿದಾಗ ಆ ಮಾತನ್ನೇ ಯೋಚಿಸಿದೆ. ಅದರಲ್ಲಿ ನನಗೆ ತಿಳಿಯದ್ದೇನೂ ಇರಲಿಲ್ಲ! ಹರಿಯುವ ನೀರು ನಿಂತ ವಸ್ತುವಿನ ಮೇಲೆ ಹೇರುವ ಬಲ ವೇಗದ ವರ್ಗಕ್ಕೆ ಅನುಸಾರವಾಗಿರುತ್ತದೆ. ಆ ಬಲಕ್ಕೆದುರಾಗಿ ಈಜುತ್ತ ಇದ್ದಲ್ಲಿಯೇ ಇರಲು ಮೀನು ಕ್ಷಣಕ್ಷಣವೂ ವ್ಯಯಿಸಬೇಕಾದ ಶಕ್ತಿ, ಸ್ಥೂಲವಾಗಿ, ವೇಗದ ಘನಕ್ಕೆ ಅನುಸಾರವಾಗಿರುತ್ತದೆ. ವೇಗ ಇಮ್ಮಡಿಯಾದರೆ ಖರ್ಚು ಎಂಟುಮಡಿ. ಆರು ತಿಂಗಳು ಬುತ್ತಿಯ ಮೇಲೆಯೇ ಬದುಕಬೇಕಾದ ಪ್ರಾಣಿ ನಡುಹೊಳೆಯ ರಭಸದಲ್ಲಿ ಏಕೆ ನಿಂತೀತು? ಹಾಗೆಂದು ನಿಂತ ನೀರಿಗೂ ಅದು ಹೋಗದು. ಕಿವಿರುಗಳಿಗೆ ಹೊಸ ನೀರು ಬೇಕು, ಮುಂದಿನ ಪ್ರಯಾಣಕ್ಕೆ ದಾರಿ ತೆರೆದಿರಬೇಕು. ಆದುದರಿಂದ ಎರಡರ ನಡುವೆ, ಮನುಷ್ಯ ನಡೆಯುವಷ್ಟು ವೇಗದಲ್ಲಿ ಸಾಗುವ, ಒಂದೆರಡು ಮೀಟರ್ ಆಳದ ಪಟ್ಟಿಯಲ್ಲಿ ಅದು ತಂಗುತ್ತದೆ. ದೊಡ್ಡ ನದಿಯಲ್ಲಿ ಇಂಥ ಪಟ್ಟಿ ಬಹುಮಟ್ಟಿಗೆ ದಡದ ಸಮೀಪದಲ್ಲಿಯೇ ಇರುತ್ತದೆ.

ಇನ್ನೊಂದು ಸಂಗತಿಯುಂಟು. ನದಿಯ ನೀರು ಮೇಲಿಂದ ಕೆಳಗಿನವರೆಗೆ ಒಂದೇ ವೇಗದಲ್ಲಿ ಹರಿಯುವುದಿಲ್ಲ. ತಳದ ಕಲ್ಲುಗಳ ಘರ್ಷಣೆಯಿಂದಾಗಿ ಕೆಳಕ್ಕೆ ಹೋದಂತೆ ವೇಗ ಕುಗ್ಗುತ್ತ, ತಳವನ್ನು ಮುಟ್ಟುವಲ್ಲಿ ಸೊನ್ನೆಯಾಗುತ್ತದೆ. ಸರಾಸರಿ ವೇಗ ಬೇಕಾದಾಗ ಜಲಮಾಪಕ ಇಂಜಿನಿಯರರು ಮೇಲ್ಮೈಯಿಂದ ಆಳದ ಹತ್ತರಲ್ಲಿ ಆರು ಪಾಲು ಕೆಳಗೆ ಅಳೆಯುವುದು ಇದರಿಂದಲೇ. ತೆಂಗಿನಕಾಯಿ ಗಾತ್ರದ ಉರುಟುಗಲ್ಲುಗಳು ತಳದಲ್ಲಿದ್ದರೆ ಒಂದೊಂದರ ಹಿಂದೆಯೂ ಒಂದು ಶಾಂತವಾದ ಸುಳಿ ಇರುತ್ತದೆ. ಮೇಲೆ ಬೇಗ ಸಾಗುವಂತೆ ಕಾಣುವ ನೀರಿನಡಿಯಲ್ಲಿ ಮೀನು ಹೆಚ್ಚು ಶ್ರಮವಿಲ್ಲದೆ ತಂಗಿರಬಲ್ಲದು. ನಾನು ನದಿಯ ಮುಖವನ್ನು ಮಾತ್ರ ನೋಡಿ, ಎಲ್ಲೆಡೆಯೂ ಒಂದೇ ಎಂದು ತೀರ್ಮಾನಿಸಿದ್ದೆ.

ಮರುದಿನ ಗಾಳವನ್ನು ಮುಟ್ಟುವ ಮುನ್ನ ಒಂದು ಗಂಟೆ ಎಲೆಗಳನ್ನು ತೇಲಿಬಿಟ್ಟೆವು. ಹತ್ತು ಮೀಟರ್ ಸಾಗಲು ಎಲೆಗೆ ಎಷ್ಟು ಸೆಕೆಂಡು ಬೇಕೆಂದು ಎಣಿಸುವುದು, ದಡದಿಂದ ಇನ್ನಷ್ಟು ದೂರ ಎಸೆದು ಮತ್ತೆ ಎಣಿಸುವುದು. ನೂರು ಮೀಟರಿಗೂ ಮಿಗಿಲಾದ ನದಿ ಹೀಗೆ ನೋಡುನೋಡುತ್ತಿದ್ದಂತೆ ಹತ್ತು ಹನ್ನೆರಡು ಮೀಟರ್ ಅಗಲದ ಒಂದು ಪಟ್ಟಿಯಾಗಿ ಕಿರಿದಾಯಿತು. ಉಳಿದದ್ದನ್ನು ಮರೆಯಬಹುದಾಗಿತ್ತು.

ಆ ಪಟ್ಟಿಯನ್ನು ಶೋಧಿಸುವ ಕ್ರಮವೂ ಸೊಗಸಾದುದು. ಹೊಳೆಯ ಅಡ್ಡಕ್ಕೆ, ತುಸು ಕೆಳಮುಖವಾಗಿ, ದಾರವನ್ನು ಎಸೆಯುತ್ತಾರೆ. ಪ್ರವಾಹ ಅದನ್ನು ಎಳೆದಾಗ ನೊಣವು ಕಂಸಾಕಾರದಲ್ಲಿ ತೂಗುತ್ತ ದಡದತ್ತ ಬರುತ್ತದೆ. ಬಳಿಕ ಎರಡು ಹೆಜ್ಜೆ ಕೆಳಕ್ಕೆ ಇಳಿದು ಮತ್ತೆ ಅಷ್ಟೇ ದೂರ ಎಸೆಯುವುದು. ಒಂದರ ಕೆಳಗೊಂದು ಕಂಸ ಬೀಳುತ್ತ, ಹೊಲ ಉತ್ತಂತೆ, ಇಡೀ ಪಟ್ಟಿ ಮುಗಿಯುತ್ತದೆ. ತೊಡಕೇನೆಂದರೆ ನಡುವಿನ ನೀರು ವೇಗವುಳ್ಳದ್ದು; ಅದು ದಾರದ ಹೊಟ್ಟೆಯನ್ನು ಮುಂದಕ್ಕೆ ಒಯ್ಯುತ್ತದೆ, ನೊಣ ಚಾವಟಿಯ ತುದಿಯಂತೆ ಓಡತೊಡಗುತ್ತದೆ. ಅಂಥ ಓಟವನ್ನು ಮೀನು ಹಿಂಬಾಲಿಸದು; ಅದರ ಲೆಕ್ಕಕ್ಕೆ ಅದು ನಷ್ಟದ ವ್ಯಾಪಾರ. ಅದಕ್ಕಾಗಿ ದಾರ ಬಿದ್ದೊಡನೆ ಕೋಲಿನಿಂದ ಅದರ ನಡುಭಾಗವನ್ನು ಎತ್ತಿ ಮೇಲ್ಹೊಳೆಯ ಕಡೆಗೆ ಮಡಚಿ ಹಾಕಬೇಕು. ನನ್ನ ಕೈಗೆ ಈ ಚಿಕ್ಕ ಕೆಲಸ ಒಗ್ಗಲು ಬೀಸುವುದನ್ನು ಕಲಿತುದಕ್ಕಿಂತ ಹೆಚ್ಚು ಕಾಲ ಹಿಡಿಯಿತು.

ಆ ದಿನವೇ ನಾನು ಬಿದ್ದದ್ದು. ಮುಂದಿನ ಹೆಜ್ಜೆಯಲ್ಲಿ ತೊಡೆಯಷ್ಟೇ ನೀರೆಂದು ಕಾಲಿಟ್ಟರೆ ಸೊಂಟವನ್ನು ಮೀರಿತು. ನೇರವಾಗಿ ಮೇಲಿನಿಂದ ನೋಡಿದರೂ ನೀರಿನ ತಳ ನಿಜವಾದ ಆಳದ ಮುಕ್ಕಾಲರಷ್ಟರಲ್ಲಿ ಕಾಣುತ್ತದೆ; ಓರೆಯಾಗಿ ನೋಡಿದರೆ ಇನ್ನೂ ಕಡಿಮೆ. ಬೆಳಕಿನ ವಕ್ರೀಭವನದ ಈ ಪಾಠವನ್ನು ಎಷ್ಟು ಸಲ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ! ಪಾಚಿ ಹಿಡಿದ ಕಲ್ಲಿನ ಮೇಲೆ ಪಾದ ಜಾರಿತು, ಪ್ರವಾಹ ಉಳಿದುದನ್ನು ಮುಗಿಸಿತು. ನಾಲ್ಕಾರು ಮೀಟರ್ ಕೆಳಗೆ ಭಾವನವರು ನನ್ನ ತೋಳನ್ನು ಹಿಡಿದು ದಡಕ್ಕೆಳೆದರು. “ಅಕ್ಕನಿಗೆ ಹೇಳಬೇಡ,” ಎಂದದ್ದು ಬಿಟ್ಟರೆ ಅವರು ಬೇರೇನೂ ಹೇಳಲಿಲ್ಲ.

ಬಟ್ಟೆ ಒಣಗುವವರೆಗೆ ಲೆಕ್ಕ ಹಾಕಿದೆ. ಸೊಂಟದವರೆಗೆ ಮುಳುಗಿದವನ ದೇಹ ಪ್ರವಾಹಕ್ಕೆ ಒಡ್ಡುವುದು ಸುಮಾರು ಕಾಲು ಚದರ ಮೀಟರ್. ಸೆಕೆಂಡಿಗೆ ಒಂದು ಮೀಟರ್ ವೇಗದ ನೀರು ಅದರ ಮೇಲೆ ಹೇರುವ ಬಲ ಹದಿಮೂರು ಕಿಲೋಗ್ರಾಂ ಭಾರಕ್ಕೆ ಹತ್ತಿರ; ವೇಗ ಒಂದೂವರೆ ಮೀಟರಾದರೆ ೨೯ ಕಿಲೋಗ್ರಾಂ. ಇತ್ತ ನೀರಿನ ತೇಲುಬಲವು ನನ್ನ ೬೪ ಕಿಲೋಗ್ರಾಂಗಳಲ್ಲಿ ಅರ್ಧವನ್ನು ಹೊತ್ತುಕೊಂಡಿರುತ್ತದೆ. ಕಾಲಿನಡಿ ಉಳಿದ ೩೨ ಕಿಲೋಗ್ರಾಂಗೆ ಪಾಚಿಕಲ್ಲು ಕೊಡುವ ಹಿಡಿತ, ಮೂರರಲ್ಲೊಂದು ಪಾಲೆಂದು ಉದಾರವಾಗಿ ಹಿಡಿದರೂ, ಹನ್ನೊಂದನ್ನು ದಾಟದು. ಅಂದರೆ ಸಾಧಾರಣ ಪ್ರವಾಹದಲ್ಲಿಯೇ ಲೆಕ್ಕ ಕೂಡಿಬರುವುದಿಲ್ಲ! ಅಲ್ಲಿಯ ಜನ ಪ್ರವಾಹಕ್ಕೆ ಪಕ್ಕೆ ತೋರಿಸಿ ನಿಲ್ಲುತ್ತಾರೆ, ಪಾದವನ್ನು ಕಲ್ಲುಗಳ ನಡುವೆ ಊರಿ ನೋಡುತ್ತಾರೆ, ಮೇಲ್ಹೊಳೆಯ ಕಡೆಗೆ ಊರುಗೋಲನ್ನು ನೆಡುತ್ತಾರೆ. ಇವೆಲ್ಲ ಅಲಂಕಾರಗಳಲ್ಲವೆಂದು ಆಗ ಮನದಟ್ಟಾಯಿತು.

ಸಂಜೆ ಉತ್ತರದ ಕವಲು ಕೂಡುವಲ್ಲಿಗೆ ಹೋದೆವು. ಅದರ ಬಾಯಿಗೆ ಅಡ್ಡವಾಗಿ, ಸ್ವಲ್ಪವೇ ಮೇಲೆ, ೨೧೯ ಮೀಟರ್ ಎತ್ತರದ ಡ್ವೊರ್‌ಶ್ಯಾಕ್ ಅಣೆಕಟ್ಟು ನಿಂತಿದೆ. ೧೯೭೩ರಲ್ಲಿ ಮುಗಿದ ಈ ಕಟ್ಟೆಗೆ ಮೀನಿನ ಏಣಿಯಿಲ್ಲ. ಆ ಕವಲಿನ ಸ್ಟೀಲ್‌ಹೆಡ್ ಸಂತತಿಗೆ ತವರಿನ ದಾರಿ ಅಲ್ಲಿಗೇ ಮುಗಿಯಿತು. ಬದಲಾಗಿ ಕಟ್ಟೆಯ ಕೆಳಗೆ ೧೯೬೯ರಲ್ಲಿ ಮರಿ ಸಾಕುವ ಕೇಂದ್ರವೊಂದು ತೆರೆಯಿತು. ವಿಚಿತ್ರವೆಂದರೆ ಇದೇ ಕಟ್ಟೆಯ ಆಳದ ತಣ್ಣೀರನ್ನು ಬೇಸಿಗೆಯಲ್ಲಿ ಹೊರಬಿಟ್ಟು, ಕೆಳಗಿನ ಸ್ನೇಕ್ ನದಿ ಮೀನಿಗೆ ಅಸಹನೀಯವಾಗಿ ಕಾಯದಂತೆ ನೋಡಿಕೊಳ್ಳುತ್ತಾರೆ. ಕಡಲಿನಿಂದ ಇಲ್ಲಿಯವರೆಗಿನ ಹಾದಿಯಲ್ಲಿ ಬೇರೆ ಎಂಟು ಅಣೆಕಟ್ಟುಗಳುಂಟು, ಅವುಗಳಲ್ಲಿ ಏಣಿಗಳಿವೆ. ಸ್ನೇಕ್ ನದಿ ಸೀಮೆಯ ಕಾಡು ಸ್ಟೀಲ್‌ಹೆಡ್ಡನ್ನು ೧೯೯೭ರಲ್ಲಿ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರಿಸಿದರು. ಕೇಂದ್ರದಲ್ಲಿ ಸಾಕಿ ಬಿಟ್ಟ ಮರಿಗಳ ಬೆನ್ನಿನ ಮೇಲೆ, ಬಾಲದ ಬಳಿಯಿರುವ ಪುಟ್ಟ ಮಾಂಸಲ ರೆಕ್ಕೆಯನ್ನು ಗುರುತಿಗಾಗಿ ಕತ್ತರಿಸಿರುತ್ತಾರೆ. ರೆಕ್ಕೆಯಿಲ್ಲದ ಮೀನನ್ನು ಪರವಾನಗಿಯುಳ್ಳವನು ಒಯ್ಯಬಹುದು. ರೆಕ್ಕೆಯಿದ್ದರೆ ಬಿಡಲೇಬೇಕು. ಗಾಳಕ್ಕೆ ಮುಳ್ಳೂ ಇರಕೂಡದು.

ಮೂರನೆಯ ದಿನ ಬೆಳಗ್ಗೆ ದಡದ ಮೇಲಿನಿಂದಲೇ ಮೊದಲ ಎಸೆತ, ಬರಿಯ ಆರು ಮೀಟರ್. ಮುಂದಿನದು ಏಳು. ಮೊಣಕಾಲು ಮಟ್ಟಕ್ಕಿಂತ ಆಳಕ್ಕೆ ನಾನು ಇಳಿಯಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಕಂಸದ ಕೊನೆಯಲ್ಲಿ, ಹಿಂದಿನ ದಿನ ನಾನು ಬಿದ್ದ ಜಾಗಕ್ಕೆ ತುಸು ಕೆಳಗೆ, ದಾರ ನಿಂತುಹೋಯಿತು. ಕಲ್ಲಿಗೆ ಸಿಕ್ಕಿತೆಂದುಕೊಳ್ಳುವಷ್ಟರಲ್ಲಿ ರಾಟೆ ಕಿರುಚಿಕೊಂಡು ತಿರುಗಿತು. “ಹಿಡೀಬೇಡ, ಓಡೋಕೆ ಬಿಡು!” ಎಂದು ಭಾವನವರು ಕೂಗಿದರು. ಮೀನು ನಡುಹೊಳೆಗೆ ನುಗ್ಗಿ ಎರಡು ಸಲ ನೀರಿನಿಂದ ಮೇಲಕ್ಕೆ ನೆಗೆಯಿತು. ಹತ್ತು ನಿಮಿಷದ ಮೇಲೆ ಅದು ದಡದ ಹತ್ತಿರ ಬಂದಾಗ ನನ್ನ ತೋಳುಗಳು ನಡುಗುತ್ತಿದ್ದವು.

ಬೆನ್ನಿನ ಪುಟ್ಟ ರೆಕ್ಕೆ ಇಡಿಯಾಗಿತ್ತು. ಭಾವನವರು ಅದನ್ನು ನೀರಿನಿಂದ ಮೇಲೆತ್ತದೆ, ಬಾಲದ ಬುಡದಲ್ಲಿ ಹಿಡಿದು, ಮುಖವನ್ನು ಪ್ರವಾಹದ ಕಡೆಗೆ ತಿರುಗಿಸಿದರು. ಗಾಳ ತಾನಾಗಿ ಕಳಚಿತು. ಕೈ ಬಿಟ್ಟರೂ ಮೀನು ಹೋಗಲಿಲ್ಲ. ನನ್ನ ಎರಡು ಕಾಲುಗಳ ಹಿಂದೆ, ಅವುಗಳಿಂದುಂಟಾದ ಶಾಂತ ನೀರಿನಲ್ಲಿ, ಕಿವಿರುಗಳನ್ನು ತೆರೆಯುತ್ತ ಮುಚ್ಚುತ್ತ ನಿಂತಿತು. ನಾನು ಅಲುಗಾಡದೆ ನಿಂತೆ. ಒಂದು ನಿಮಿಷ ಕಳೆದಿರಬಹುದು. ಬಾಲವನ್ನು ಒಮ್ಮೆ ಆಡಿಸಿ, ಎಡಗಾಲಿನ ಪಕ್ಕದಿಂದ ಮುಂದೆ ಬಂದು, ಹಸುರು ನೀರಿನೊಳಗೆ ಮೇಲ್ಹೊಳೆಯ ಕಡೆಗೆ ಹೋಯಿತು.