ಓಡಿದಾಗ ಮಾತ್ರ ಕಾಣುವ ಅಡ್ಡಿ

ಚಿತ್ರದುರ್ಗದ ಕೋಟೆ ಹತ್ತುವಾಗ ಯಾರಿಗಾದರೂ ಏದುಸಿರು ಬರುತ್ತದೆ. ಆದರೆ ಇಪ್ಪತ್ತರ ಹುಡುಗ ಮೆಟ್ಟಿಲ ನಡುವೆ ಎದೆ ಹಿಡಿದು ಕೂತರೆ, ಓಟ ನಿಲ್ಲಿಸಿದೊಡನೆ ಕಣ್ಣು ಕತ್ತಲಿಟ್ಟು ಬಿದ್ದರೆ? ಬಿಸಿಲು, ಗ್ಯಾಸ್ಟ್ರಿಕ್, ನಿಶ್ಶಕ್ತಿ ಎಂದು ನೀರು ಕುಡಿಸಿ ಕಳಿಸುತ್ತೇವೆ. ನನಗೆ ಭಯ ಹುಟ್ಟಿಸುವುದು ಇದೇ.

ಹೈಪರ್‌ಟ್ರೋಫಿಕ್ ಕಾರ್ಡಿಯೊಮಯೋಪತಿ, ಅಂದರೆ ಹೃದಯದ ಗೋಡೆ ದಪ್ಪಗಾಗುವ ವಂಶಪಾರಂಪರ್ಯ ಕಾಯಿಲೆ, ಇಂಥ ಕುಸಿತದ ಹಿಂದಿರಬಹುದು. ಇದು ಸುಮಾರು 500 ಜನರಲ್ಲಿ ಒಬ್ಬರಿಗಿದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ದೋಷವಿರುವ ಜೀನ್ ಬರುವ ಸಾಧ್ಯತೆ ಅರ್ಧದಷ್ಟು. ಹೃದಯಸ್ನಾಯುವಿನ ಒಂದು ಜೀನಿನಲ್ಲಿ ಡಿಎನ್ಎಯ 25 ಅಕ್ಷರ ಬಿಟ್ಟುಹೋದ ದೋಷ ಭಾರತ ಉಪಖಂಡದ ಸುಮಾರು ಶೇ. 4 ಮಂದಿಯಲ್ಲಿದೆ ಎಂದು 2009ರಲ್ಲಿ ಹೈದರಾಬಾದಿನ ವಿಜ್ಞಾನಿಗಳೂ ಸೇರಿದ್ದ ತಂಡ ತೋರಿಸಿತು. ದೋಷ ಇದ್ದವರೆಲ್ಲ ರೋಗಿಗಳಾಗುವುದಿಲ್ಲ. ಆದರೆ ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ನಮ್ಮಲ್ಲಿ ಅದು ಎರಡೂ ಕಡೆಯಿಂದ ಮಗುವಿಗೆ ಬರಬಹುದು. ಆಗ ಕಾಯಿಲೆ ಉಗ್ರ.

ಹೃದಯದ ಸ್ಕ್ಯಾನ್ ಆದ ಎಕೋದಲ್ಲಿ ಗೋಡೆ 15 ಮಿಲಿಮೀಟರ್ ದಾಟಿದ್ದರೆ ಅನುಮಾನ ಗಟ್ಟಿ. ತೊಡಕು ಇರುವುದು ಮುಂದೆ: ಮಲಗಿಸಿ ನೋಡಿದಾಗ ರಕ್ತ ಸಲೀಸಾಗಿ ಹೊರಟೀತು, ರಿಪೋರ್ಟಿನಲ್ಲಿ 'ಅಡ್ಡಿಯಿಲ್ಲ' ಎಂದು ಬರೆದಾರು. ಅದೇ ಹುಡುಗ ಓಡಿದಾಗ ಕವಾಟದ ರೆಕ್ಕೆ ದಪ್ಪ ಗೋಡೆಯತ್ತ ಸೆಳೆಯಲ್ಪಟ್ಟು ದಾರಿಯನ್ನೇ ಮುಚ್ಚುತ್ತದೆ. ರೋಗಿಗಳಲ್ಲಿ ಸುಮಾರು ಮೂರನೇ ಒಂದರಷ್ಟು ಮಂದಿಗೆ ಅಡ್ಡಿ ಕಾಣುವುದು ಹೀಗೆ ಶ್ರಮಪಟ್ಟಾಗ ಮಾತ್ರ. ಹಾಗಾಗಿ ಆಯಾಸದ ದೂರಿದ್ದವರಿಗೆ ವೈದ್ಯರ ಎದುರೇ ನಡೆಸಿ, ಓಡಿಸಿ ಎಕೋ ಮಾಡಬೇಕು. ಅದಕ್ಕೂ ಮೊದಲು ತಾಲ್ಲೂಕು ಆಸ್ಪತ್ರೆಯ ಇಸಿಜಿಯೇ ಬಹುತೇಕರಲ್ಲಿ ಸುಳಿವು ಕೊಡುತ್ತದೆ.

ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಹುಡುಗರು ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಗೆ 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಮುಗಿಸಬೇಕು. ನಮ್ಮ ಬಯಲುಸೀಮೆಯ ಬೇಸಗೆಯಲ್ಲಿ ಬೆವರು ಸುರಿದು ಮೈಯ ನೀರು ಕಡಿಮೆಯಾದರೆ ಹೃದಯದ ಕೋಣೆ ಇನ್ನಷ್ಟು ಕಿರಿದಾಗುತ್ತದೆ, ಅಡ್ಡಿ ಹೆಚ್ಚುತ್ತದೆ. ಓಡುವಾಗ ಒಮ್ಮೆ ಪ್ರಜ್ಞೆ ತಪ್ಪಿದವನನ್ನು ಪರೀಕ್ಷೆಯಾಗದೆ ಮತ್ತೆ ಟ್ರ್ಯಾಕಿಗಿಳಿಸಬೇಡಿ.

ಎದೆನೋವೆಂದು ಜೇಬಿನ ಸಾರ್ಬಿಟ್ರೇಟ್ ಮಾತ್ರೆ ನಾಲಿಗೆಯಡಿ ಇಡುವುದು ಈ ಅಡ್ಡಿ ಇರುವವರಿಗೆ ಅಪಾಯ. ಬಿಪಿ ಕುಸಿದು ಬೀಳಬಹುದು. ಬೀಟಾ ಬ್ಲಾಕರ್ ಮಾತ್ರೆಯೇ ಮೊದಲ ಚಿಕಿತ್ಸೆ. ಅದು ಒಗ್ಗದಿದ್ದರೆ ವೆರಾಪಮಿಲ್. ಅದಕ್ಕೂ ಬಗ್ಗದಿದ್ದರೆ ದಪ್ಪ ಭಾಗವನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆ. ಹಠಾತ್ ಸಾವಿನ ಅಪಾಯ ಹೆಚ್ಚಿದ್ದವರ ಎದೆಯಲ್ಲಿ ಶಾಕ್ ಕೊಡುವ ಸಾಧನ ಕೂರಿಸುತ್ತಾರೆ. ನಡಿಗೆ ಬಿಡಬೇಕಿಲ್ಲ, ಎಷ್ಟು ಎಂಬುದನ್ನು ವೈದ್ಯರು ಹೇಳುತ್ತಾರೆ.

ಆಸ್ಪತ್ರೆಗೆ ಹೊರಡುವ ಮುನ್ನ ಮನೆಯ ಅಜ್ಜಿಯನ್ನು ಕೇಳಿ: ನಮ್ಮ ಕಡೆ ನಲವತ್ತರೊಳಗೆ ನಿಂತಲ್ಲೇ ಕುಸಿದು ಹೋದವರು ಯಾರಿದ್ದರು? ಆ ಹೆಸರುಗಳನ್ನು ಚೀಟಿಯಲ್ಲಿ ಬರೆದು ವೈದ್ಯರ ಮೇಜಿನ ಮೇಲಿಡಿ.